ಯೂನಿಯನ್ ಬರೀ ಟೀಚರ್‌ಗಳಿಗಲ್ಲ

ಸಂಪಾದಕರೇ,

ಸ್ಕೂಲ್ ಅಂದ್ರೆ ಟೀಚರ್ ಅಷ್ಟೇ ಅಂದ್ಕೊಂಡಿರ್ತಾರೆ ಜನ, ಆದ್ರೆ ಗೇಟ್ ತೆಗೆಯೋರು, ಕ್ಲರ್ಕು, ಆಯಾ, ಬಸ್ ಡ್ರೈವರ್ ಇಲ್ದೆ ಒಂದು ದಿನಾನೂ ನಡಿಯಲ್ಲ. ನಾನೂ ಸ್ಕೂಲ್ ಆಫೀಸಲ್ಲೇ ಕೆಲಸ ಮಾಡೋನು. ಸಂಬಳ ಲೇಟಾದಾಗ ಒಬ್ಬೊಬ್ರೇ ಹೋಗಿ ಕೇಳಿದ್ವಿ, ಎಲ್ರಿಗೂ ಒಂದೇ ಉತ್ತರ, "ನಿಮಗೊಬ್ರಿಗೇ ಪ್ರಾಬ್ಲಮ್ಮಾ?" ಅಂತ. ಆಮೇಲೆ ಎಲ್ರೂ ಒಂದೇ ಅರ್ಜಿಗೆ ಸೈನ್ ಹಾಕಿ ಕೊಟ್ವಿ ನೋಡಿ, ಆ ಪ್ರಶ್ನೆ ಮತ್ತೆ ಬರಲಿಲ್ಲ.

ಯೂನಿಯನ್ ಸೇರಿದ್ರೆ ಕೆಲಸ ಹೋಗುತ್ತೆ ಅನ್ನೋ ಭಯ ಸುಮ್ನೆ ಬಂದಿದ್ದಲ್ಲ, ಒಪ್ತೀನಿ. ಆದ್ರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1948ರ 87ನೇ ಒಪ್ಪಂದ ಭೇದಭಾವ ಇಲ್ದೆ ಕಾರ್ಮಿಕರಿಗೆ ಸಂಘ ಕಟ್ಟೋ, ಸೇರೋ ಹಕ್ಕು ಕೊಡುತ್ತೆ, 1949ರ 98ನೇದು ಸಂಘ ಸೇರಿದ್ದಕ್ಕೆ ಕೆಲಸದಿಂದ ತೆಗೆಯೋದ್ರ ವಿರುದ್ಧ ರಕ್ಷಣೆ ಇರ್ಬೇಕು ಅನ್ನುತ್ತೆ.

ಹೆಸರು ಬರೆಸಿ ಮನೇಲಿ ಕೂತ್ರೆ ಮಾತ್ರ ಏನೂ ಆಗಲ್ಲ (ನಮ್ಮಲ್ಲಿ ಮುಕ್ಕಾಲು ಜನ ಹಂಗೇ). ಚಂದಾ ಟೈಮಿಗೆ ಕೊಡ್ಬೇಕು, ಲೆಕ್ಕ ಕೇಳ್ಬೇಕು, ಪದಾಧಿಕಾರಿಗಳ ಎಲೆಕ್ಷನ್ ಮುಂದಕ್ಕೆ ಹಾಕ್ತಾ ಹೋದ್ರೆ ಬಿಡಬಾರ್ದು, ಕಮಿಟೀಲಿ ಆಯಾಗಳಿಗೂ ಡ್ರೈವರ್‌ಗಳಿಗೂ ಸೀಟ್ ಇರ್ಬೇಕು.

— ಒಬ್ಬ ಶಾಲಾ ನೌಕರ