ಅಂದು ಕೌಂಟರ್ ಬಳಿ ಸಿಕ್ಕ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರನ್ನೂ ಕೇಳಲಿಲ್ಲ. ಎರಡು ದೇಶಗಳ ಜಗಳಕ್ಕೆ ವಾಯುಪ್ರದೇಶ ಮುಚ್ಚಿ, ವಿಮಾನ ರದ್ದಾಗಿ, ಹದಿನಾಲ್ಕು ಪ್ರವಾಸಿಗರ ಜೊತೆ ನಾನು ಕೌಂಟರ್ ಮುಂದೆ ನಿಂತಿದ್ದೆ. ಸಿಕ್ಕಿದ ಬೇರೆ ಟಿಕೆಟ್‌ಗೆ ಹೂಂ ಅನ್ನುವಷ್ಟರಲ್ಲಿ ನೀವು ಹಿಂದಿನಿಂದ, 'ನಡುವೆ ಇಳಿಯುವ ಕಡೆ ಟ್ರಾನ್ಸಿಟ್ ವೀಸಾ ಬೇಕಾಗುತ್ತೆ, ಎಲ್ಲರ ಹತ್ತಿರ ಇದೆಯಾ?' ಅಂದಿರಿ. ಇಬ್ಬರ ಹತ್ತಿರ ಇರಲಿಲ್ಲ! ಆಮೇಲೆ ನಿಮ್ಮ ಸರದಿ ಬಿಟ್ಟು, ನಮ್ಮ ಜೊತೆ ಕೂತು, ಇನ್ನೊಂದು ದಾರಿ ಹುಡುಕಿಕೊಟ್ಟಿರಿ.

2022ರಲ್ಲಿ ರಷ್ಯಾ, ಯುರೋಪ್ ಪರಸ್ಪರ ವಾಯುಪ್ರದೇಶ ಮುಚ್ಚಿದಾಗ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಸುತ್ತು ಬಳಸಿ ಹೋಗಬೇಕಾಗಿ ಸುಮಾರು 13 ಗಂಟೆ ಹಿಡಿಯತೊಡಗಿತು ಅಂತ ಎಲ್ಲರಿಗೂ ಹೇಳುತ್ತಿದ್ದವನು ನಾನು. ಆದರೆ ರಾಜಕೀಯ ಎಷ್ಟು ಹತ್ತಿರ ಬರುತ್ತದೆ ಅಂತ ಗೊತ್ತಾಗಿದ್ದು, ಗುಂಪಿನ ಅಜ್ಜಿಯೊಬ್ಬರು ಉಳಿದ ಬಿಪಿ ಮಾತ್ರೆ ಎಣಿಸುತ್ತಿದ್ದಾಗ. ಅವರು ಕ್ಷೇಮವಾಗಿ ಮನೆ ಸೇರಿದರು ಅಕ್ಕಾ. ತುಂಬಾ ಥ್ಯಾಂಕ್ಸ್.