ತೋಟಾನೇ ಸಿಗದ ಕೋವಿಗೆ ಲೈಸೆನ್ಸ್ ಎಂತಕ್ಕೆ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ಇದೇ ಅಂಕಣದಲ್ಲಿ ಓದುಗರೊಬ್ರು ಮಲ್ನಾಡಿನ ಮನೆಗಳಲ್ಲಿರೋ ಕೋವಿನೆಲ್ಲ ಸರ್ಕಾರ ವಾಪಸ್ ತಗೋಬೇಕು ಅಂತ ಬರೆದಿದ್ರು. ಪೇಟೆಯೋರಿರ್ಬೇಕು, ರಾತ್ರಿ ಹಂದಿ ಹಿಂಡು ಗದ್ದೆಗಿಳಿದ ಶಬ್ದ ಕೇಳಿದೋರು ಹಾಗೆ ಬರಿಯಲ್ಲ, ಹೋಗ್ಲಿ ಬಿಡಿ. ಆದ್ರೆ ಹಳ್ಳಿ ಹುಡುಗ್ರು ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು ಮನೇಲೇ ತೋಟಾ ತುಂಬೋಕೆ, ಅಂದ್ರೆ ಹಾರಿಸಿದ ಖಾಲಿ ಹಿತ್ತಾಳೆ ಚಿಪ್ಪಿಗೆ ಮತ್ತೆ ಕೇಪು, ಮದ್ದು, ಗುಂಡು ಕೂರಿಸೋಕೆ, ಹೊರಟಿದಾರೆ ಅಂತ ಒಂದು ಮಾತು ಬರೆದಿದ್ರಲ್ಲ, ಆ ಭಯ ನಂಗೂ ಇದೆ, ಅದಕ್ಕೇ ಈ ಪತ್ರ.

ನಮ್ಮನೇಲಿ ಅಜ್ಜನ ಕಾಲದ ಒಂದು ರೈಫಲ್ ಇದೆ, ಕೊಪ್ಪದ ಕಡೆ ಕಾಫಿ ತೋಟ ಮಾಡಿದ್ದ ದೊರೆಯೊಬ್ಬ ಊರು ಬಿಡುವಾಗ ಮಾರಿ ಹೋಗಿದ್ದು. ವಿಂಚೆಸ್ಟರ್ 1895 ಮಾಡೆಲ್, ಪಾಯಿಂಟ್ 405 ಬೋರು, ಅಂದ್ರೆ ತೋಟಾದ ಸೈಜು. ಟ್ರಿಗರ್ ಸುತ್ತ ಇರೋ ಲಿವರನ್ನ ಕೆಳಗೆ ಎಳೆದು ಮೇಲೆ ತಂದ್ರೆ ಖಾಲಿ ಚಿಪ್ಪು ಹಾರಿ ಹೊಸ ತೋಟಾ ಒಳಗೆ ಹೋಗ್ತದೆ. ಜಾನ್ ಬ್ರೌನಿಂಗ್ ಅನ್ನೋನು ಡಿಸೈನ್ ಮಾಡಿದ್ದು. ಇವನದ್ದೇ 1894ರ ಮಾಡೆಲ್‌ನಲ್ಲಿ ನಳಿಗೆ ಕೆಳಗೊಂದು ಕೊಳವೆ ಇದ್ದು ಅದ್ರಲ್ಲಿ ತೋಟಾ ಒಂದರ ಹಿಂದೆ ಒಂದು ಕೂತಿರ್ತಾವೆ, ಹಿಂದಿನ ಗುಂಡಿನ ಮೂತಿ ಮುಂದಿನದರ ಬುಡದಲ್ಲಿ ಮದ್ದಿಗೆ ಕಿಡಿ ಹಚ್ಚೋ ಕೇಪಿಗೆ ತಾಗ್ತದೆ, ಚೂಪಿದ್ರೆ ಒಳಗೇ ಸಿಡೀಬಹುದು ಅಂತ ಅದಕ್ಕೆ ಚಪ್ಪಟೆ ಮೂತಿ ಗುಂಡೇ ಆಗ್ಬೇಕು, 1895ರಲ್ಲಿ ಪೆಟ್ಟಿಗೆ ಥರದ ಮ್ಯಾಗಜಿನ್ ಇರೋದ್ರಿಂದ ಆ ತಾಪತ್ರಯ ಇಲ್ಲ. 405 ತೋಟಾ ಬಂದಿದ್ದು 1904ರಲ್ಲಿ. 300 ಗ್ರೇನ್ ಗುಂಡು, ಅಂದ್ರೆ ಹತ್ತೊಂಬತ್ತು ಗ್ರಾಮ್ ಚಿಲ್ರೆ, ಸೆಕೆಂಡಿಗೆ ಸುಮಾರು 2200 ಅಡಿ ವೇಗ. ಅಮೇರಿಕದ ಪ್ರೆಸಿಡೆಂಟ್ ಆಗಿದ್ದ ಥಿಯೋಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಇದೇ ಮಾಡೆಲ್ ಹೊತ್ಕೊಂಡು ಹೋಗಿದ್ರು. ಅಷ್ಟು ದೂರ ಎಂತಕ್ಕೆ, ನರಭಕ್ಷಕ ಹುಲಿಗಳ ಬೇಟೆ ಕಥೆ ಬರೆದ ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಲಿದ್ದ ಕೋವಿನೂ ಇದೇ ಮಾಡೆಲ್.

ಹಾಗಂತ ನಂಗೆ ಈಡಿನ, ಅಂದ್ರೆ ಬೇಟೆಯ, ಹುಚ್ಚಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅದು ಮುಗಿದ ಕಥೆ, ಮುಗಿದಿದ್ದೂ ಒಳ್ಳೇದೇ. ರೈಫಲ್ ಲೈಸೆನ್ಸಲ್ಲಿದೆ, ರಿನ್ಯೂವಲ್ ಆಗ್ತಾ ಬಂದಿದೆ, ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಕೊಟ್ಟು ರಸೀದಿ ತಗೊಂಡು ಬರ್ತೀವಿ. ಇಷ್ಟೆಲ್ಲ ಮಾಡಿ ಅದಕ್ಕೆ ಒಂದೇ ಒಂದು ತೋಟಾ ಈ ದೇಶದ ಅಂಗಡೀಲಿ ಸಿಗಲ್ಲ. ಹನ್ನೆರಡು ಬೋರಿನದ್ದು ಸಿಗ್ತದೆ, ಪಾಯಿಂಟ್ 315 ಸಿಗ್ತದೆ, ಎರಡೂ ಸರ್ಕಾರಿ ಕಾರ್ಖಾನೇಲೇ ಮಾಡ್ತಾರೆ. 405 ಅಂದ್ರೆ ಅಂಗಡಿಯೋನು ಮುಖ ನೋಡಿ ನಗ್ತಾನೆ. ಅಮೇರಿಕದಲ್ಲೇ ಇದರ ತೋಟಾ ಎಷ್ಟೋ ವರ್ಷ ನಿಂತುಹೋಗಿತ್ತು, ಆಮೇಲೆ ಅಲ್ಲಿ ಹಳೇ ಮಾಡೆಲ್ ಮತ್ತೆ ತಯಾರು ಮಾಡಿದ್ಮೇಲೆ ಒಂದೆರಡು ಕಂಪನಿ ಶುರು ಮಾಡಿದಾವೆ, ಅದನ್ನ ಇಲ್ಲಿಗೆ ತರಿಸೋದು ನಮ್ಮಂಥ ಅಡಿಕೆ ಬೆಳೆಗಾರನ ಕೈಲಾಗೋ ಕೆಲಸನಾ? ಅಜ್ಜ ಬಿಟ್ಟುಹೋದ ಹಳೇ ತೋಟಾ ಇದಾವೆ, ಹಾರಿಸೋ ಧೈರ್ಯ ಇಲ್ಲ. ಆಗಿನ ಕೇಪಲ್ಲಿ ಪಾದರಸ ಇರ್ತಿತ್ತು, ಒಂದ್ಸಲ ಹಾರಿಸಿದ್ರೆ ಚಿಪ್ಪಿನ ಹಿತ್ತಾಳೆ ಪೆಡಸಾಗಿ ಆಮೇಲೆ ತುಂಬೋಕೂ ಬರಲ್ಲ. ಕೇಪಿನ ಉಪ್ಪಿನಂಶ ಬೇರೆ ನಳಿಗೇಲಿ ಉಳೀತದೆ, ನಮ್ಮ ಜುಲೈ ತಿಂಗಳ ಥಂಡಿಗೆ ಎರಡೇ ದಿನದಲ್ಲಿ ತುಕ್ಕು. ಅದಕ್ಕೇ ಅಜ್ಜ ಈಡು ಹೊಡೆದು ಬಂದ ರಾತ್ರಿನೇ ನಳಿಗೆಗೆ ಬಿಸಿನೀರು ಹೊಯ್ದು ಎಣ್ಣೆ ಬಟ್ಟೆ ಎಳೀತಿದ್ರಂತೆ, ಉಪ್ಪು ಕರಗೋದು ನೀರಿಗೇ ಹೊರತು ಎಣ್ಣೆಗಲ್ಲ.

ತೋಟಾ ತುಂಬೋ ಕೆಲಸ ಹ್ಯಾಗೆ ಅಂತ ನಾನು ನೋಡಿದ್ದು ಪೆನ್ಸಿಲ್ವೇನಿಯಾದಲ್ಲಿ, ನಮ್ಮ ಭಾವನ ಮಗನ ಮನೆಗೆ ಹೋಗಿದ್ದಾಗ. ಪಕ್ಕದ ಮನೆ ಮುದುಕಪ್ಪನ ಹತ್ರ ಇಂಥದ್ದೇ ಒಂದು ಲಿವರ್ ರೈಫಲ್, ಅವರದ್ದು ಪಾಯಿಂಟ್ 348, ಅದೂ ಅಪರೂಪದ್ದೇ. ಅಲ್ಲಿ ಇದು ಕಾನೂನು ಪ್ರಕಾರ ಮಾಡೋ ಹವ್ಯಾಸ, ಆ ಮನುಷ್ಯ ಆ ಟೇಬಲ್ ಮುಂದೆ ಕೂತ್ರೆ ಫೋನ್ ತೆಗೀತಿರಲಿಲ್ಲ, ಮಾತೂ ಇಲ್ಲ. ಹಾರಿಸಿದ ಚಿಪ್ಪು ಉಬ್ಬಿರ್ತದೆ, ಅದನ್ನ ಅಚ್ಚಿಗೆ ಹಾಕಿ ಪ್ರೆಸ್ಸಲ್ಲಿ ಒತ್ತಿ ಮೊದಲಿನ ಅಳತೆಗೆ ತರ್ಬೇಕು, ಹಳೇ ಕೇಪು ತೆಗೀಬೇಕು, ಉದ್ದ ಅಳೆದು ಹೆಚ್ಚಿದ್ರೆ ಕತ್ತರಿಸ್ಬೇಕು. ಇಂಥ ಹಳೇ ಲಿವರ್ ಕೋವೀಲಿ ಇದೆಲ್ಲ ಇನ್ನೂ ಸೂಕ್ಷ್ಮ ಯಾಕಂದ್ರೆ ತೋಟಾದ ಬುಡ ಒತ್ತಿ ಹಿಡಿಯೋ ಬೋಲ್ಟು ಹಿಂದಿನ ತುದೀಲಿ ಲಾಕ್ ಆಗ್ತದೆ, ಪ್ರತಿ ಸಲ ಹಾರಿಸಿದಾಗ್ಲೂ ಚಿಪ್ಪು ಚೂರು ಜಗ್ಗಿ ಬುಡದ ಹತ್ರ ತೆಳ್ಳಗಾಗ್ತಾ ಬರ್ತದೆ, ಅವ್ರು ತಂತಿಯ ತುದಿ ಬಗ್ಗಿಸಿ ಒಳಗೆ ಆಡಿಸಿ ಸಣ್ಣ ಗೀರು ಸಿಕ್ಕಿದ್ರೂ ಆ ಚಿಪ್ಪು ಬಿಸಾಕ್ತಿದ್ರು. ಇಲ್ಲಾಂದ್ರೆ ಒಂದಿನ ಬುಡ ಮಾತ್ರ ಹೊರಗೆ ಬಂದು ಉಳಿದಿದ್ದು ನಳಿಗೇಲೇ ಕೂರ್ತದೆ. ಮದ್ದು ತೂಗೋದು ಗ್ರೇನ್ ಲೆಕ್ಕದಲ್ಲಿ, ಒಂದು ಗ್ರಾಮಿಗೆ ಹದಿನೈದು ಗ್ರೇನ್ ಚಿಲ್ರೆ, ಅಕ್ಕಸಾಲಿಗಳ ತಕ್ಕಡಿ ಥರ ಸೂಕ್ಷ್ಮ. ಯಾವ ಗುಂಡಿಗೆ ಯಾವ ಮದ್ದು ಎಷ್ಟು ಅನ್ನೋದು ಟೆಸ್ಟ್ ಮಾಡಿ ಅಚ್ಚು ಹಾಕಿಸಿದ ಪುಸ್ತಕದಲ್ಲಿರ್ತದೆ, ಅದನ್ನ ದಾಟೋ ಹಾಗಿಲ್ಲ. ಬೇಗ ಉರಿಯೋ ಪಿಸ್ತೂಲ್ ಮದ್ದು, ನಿಧಾನ ಉರಿಯೋ ರೈಫಲ್ ಮದ್ದು ಎರಡೂ ಕಣ್ಣಿಗೆ ಒಂದೇ ಥರ ಕಂಡಾವು, ಅದಲುಬದಲಾದ್ರೆ ಕೋವಿ ಕೈಯಲ್ಲೇ ಸಿಡೀತದೆ. ವಿಡಿಯೋ ಮಾಡೋರು ಇದ್ಯಾವುದನ್ನೂ ತೋರ್ಸಲ್ಲ, ಪ್ರೆಸ್ಸಿನ ಹಿಡಿ ಎಳೆಯೋದು ತೋರಿಸ್ತಾರೆ ಅಷ್ಟೇ.

ಇನ್ನು ನಮ್ಮೂರಿನ ಕೇಪಿನ ಕೋವಿ ನೋಡಿ. ಬೆಳೆ ಕಾಯೋಕೆ ಅಂತ 1959ರ ಆರ್ಮ್ಸ್ ಆಕ್ಟಲ್ಲೇ ಮೂತಿಯಿಂದ ತುಂಬೋ ಕೋವಿಗೆ ಲೈಸೆನ್ಸ್ ಕೊಡೋಕೆ ಅವಕಾಶ ಇದೆ. ಅದನ್ನ ತುಂಬೋದು ಹ್ಯಾಗೆ? ಅಂಗೈಲಿ ಅಂದಾಜು ನೋಡಿ ಮದ್ದು ಸುರಿ, ಕತ್ತ (ತೆಂಗಿನ ನಾರು) ಹಾಕಿ ಗಜದಲ್ಲಿ ಜಡಿ, ಚರೆ (ಸೀಸದ ಸಣ್ಣ ಗುಂಡು) ಹಾಕು, ಮತ್ತೆ ಕತ್ತ, ಕೇಪು ಇಡು, ಮುಗೀತು. ತೂಕ ಇಲ್ಲ ಪುಸ್ತಕ ಇಲ್ಲ. ಕರಿ ಮದ್ದು ಚೂರು ಹೆಚ್ಚುಕಮ್ಮಿ ಆದ್ರೆ ಸಹಿಸ್ಕೊಳ್ತದೆ ಅಂತ ನಡೀತಾ ಇದೆ, ಅದೇ ನಳಿಗೆಗೆ ಯಾರಾದ್ರೂ ತೋಟಾ ಒಡೆದು ತೆಗೆದ, ಕರಿ ಮದ್ದಿಗಿಂತ ಎಷ್ಟೋ ಜೋರಾದ ಹೊಗೆ ಇಲ್ಲದ ಮದ್ದು ಅಷ್ಟೇ ಅಳತೆಗೆ ಸುರಿದ್ರೆ ನಳಿಗೆ ಬಾಳೆಸಿಪ್ಪೆ ಥರ ಬಿಚ್ಚೋದೇ. ಅಂದ್ರೆ ನಮ್ಮಲ್ಲಿ ಅಂದಾಜಲ್ಲಿ ತುಂಬೋನು ಕಾನೂನಿನ ಒಳಗಿದಾನೆ, ಗ್ರೇನ್ ಲೆಕ್ಕದಲ್ಲಿ ತೂಗಿ ತುಂಬ್ತೀನಿ ಅನ್ನೋನು ಹೊರಗೆ. ಲೈಸೆನ್ಸಿಲ್ಲದೆ ತೋಟಾ ತಯಾರಿಸೋದು ಅದೇ ಆರ್ಮ್ಸ್ ಆಕ್ಟಿನ 5ನೇ ಸೆಕ್ಷನ್ ಪ್ರಕಾರ ಅಪರಾಧ, 2019ರ ತಿದ್ದುಪಡಿ ಆದ್ಮೇಲೆ ಕಮ್ಮಿ ಅಂದ್ರೂ ಏಳು ವರ್ಷ, ಜೀವಾವಧಿವರೆಗೂ ಹೋಗ್ಬಹುದು. ಶಿಕ್ಷೆ ಜೋರಾಗಿರ್ಲಿ, ಬೇಡ ಅನ್ನಲ್ಲ, ನಾಡಬಂದೂಕು ಮಾಡಿ ಮಾರೋರಿಗೆ ಅದು ಬೇಕೇಬೇಕು. ಆದ್ರೆ ಲೈಸೆನ್ಸಿರೋ ಹಳೇ ಕೋವಿಯವ್ರಿಗೆ ಒಂದು ನೆಟ್ಟಗಿನ ದಾರಿ ತೋರಿಸದೆ ಬರೀ ಹೆದ್ರಿಸಿದ್ರೆ ಹುಡುಗ್ರು ಹಿತ್ತಲಲ್ಲಿ ಕದ್ದು ಮಾಡ್ತಾರೆ, ಓದುಗ ಮಿತ್ರರು ನೋಡಿದ್ದು ಅದನ್ನೇ.

ಅದೇ ತಿದ್ದುಪಡೀಲಿ ಒಬ್ರಿಗೆ ಮೂರಿದ್ದ ಕೋವಿ ಎರಡಕ್ಕೆ ಇಳೀತು, ವಂಶಪಾರಂಪರ್ಯವಾಗಿ ಬಂದಿದ್ದೂ ಆ ಲೆಕ್ಕದಲ್ಲೇ. ಹಾಗಾಗಿ ಎಷ್ಟೋ ಮನೇಲಿ ಬೆಳೆ ಕಾಯೋ ಕೋವಿ ಇಟ್ಕೊಂಡು ಅಜ್ಜನ ರೈಫಲ್ ಕೊಟ್ಟುಬಿಟ್ರು. ಉಳಿದಿರೋದೇ ಬೆರಳೆಣಿಕೆಯಷ್ಟು, ಅದಕ್ಕೆ ದೊಡ್ಡ ಕಾರ್ಖಾನೆ ಏನೂ ಬೇಡ. ಬೆಂಗಳೂರಲ್ಲಿ ರಾಜ್ಯ ರೈಫಲ್ ಅಸೋಸಿಯೇಷನ್ ಇದೆ, ಅಂಥ ಕಡೆ ಒಂದು ರೂಮು, ತರಬೇತಿ ಆದ ಒಬ್ರು, ಬೀಗದಲ್ಲಿ ಮದ್ದು, ರಿಜಿಸ್ಟರು. ಕೋವಿಯವನು ಲೈಸೆನ್ಸ್ ಬುಕ್ಕು ತೋರಿಸಿ ಖಾಲಿ ಚಿಪ್ಪು ಕೊಟ್ರೆ ಅವ್ರೇ ತುಂಬಿ, ಅಲ್ಲೇ ರೇಂಜಲ್ಲಿ ಹಾರಿಸೋಕೆ ಬಿಟ್ಟು, ಚಿಪ್ಪು ಎಣಿಸಿ ವಾಪಸ್ ಇಟ್ಕೊಳ್ಲಿ. ಒಂದು ತೋಟಾನೂ ಮನೆಗೆ ತರೋದು ಬೇಡ ಅಂದ್ರೂ ನಂಗೆ ಒಪ್ಪಿಗೆ. ಅದೂ ಆಗಲ್ಲ ಅಂದ್ರೆ ಹಾರದ ಹಾಗೆ ಮಾಡ್ಕೊಟ್ಟು ಮನೇಲಿ ನೆನಪಿಗೆ ಇಟ್ಕೊಳ್ಳೋ ಕೆಲಸನಾದ್ರೂ ತಾಲ್ಲೂಕು ಮಟ್ಟದಲ್ಲೇ ಸುಲಭವಾಗಿ ಆಗೋ ಹಾಗೆ ಮಾಡ್ಲಿ.

ಕಾಯ್ದೆ ಕೇಂದ್ರದ್ದು, ಡಿಸಿ ಸಾಹೇಬ್ರ ಕೈಲಿಲ್ಲ ಅಂತ ಗೊತ್ತು. ನಮ್ಮ ಕಡೆ ಎಂಪಿಗಳು ಗೃಹ ಇಲಾಖೆಗೊಂದು ಪತ್ರ ಬರೀಲಿ, ಅಡಿಕೆ ಬಗ್ಗೆ ದಿಲ್ಲಿಗೆ ಬರಿಯೋದು ಹ್ಯಾಗೂ ಇದ್ದೇ ಇರ್ತದೆ, ಅದೇ ಲಕೋಟೇಲಿ ಇದನ್ನೂ ಹಾಕಿದ್ರೆ ಸ್ಟಾಂಪ್ ಖರ್ಚೂ ಉಳೀತದೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು