‘ಸ್ವಿಚ್ ಆರಿಸಿ’ ಎಂಬ ಸುತ್ತೋಲೆ ಸಾಲದು: ಇ-ಆಡಳಿತ ಇಲಾಖೆಯ ಪ್ರಧಾನ ಕಾರ್ಯದರ್ಶಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ತಾಲ್ಲೂಕು ಮಟ್ಟದ ಸರ್ಕಾರಿ ಕಚೇರಿಯೊಂದರಲ್ಲಿ ಹೊರಗುತ್ತಿಗೆ ಮೇಲೆ ದುಡಿಯುವ ಕಂಪ್ಯೂಟರ್ ತಾಂತ್ರಿಕ ಸಹಾಯಕ. ಯಾವ ಊರು, ಯಾವ ಕಚೇರಿ ಎಂದು ಬರೆಯುವುದಿಲ್ಲ. ಯಾರ ಮೇಲೂ ದೂರು ಹೇಳುವುದಕ್ಕೆ ಈ ಪತ್ರವಲ್ಲ. ಕಚೇರಿ ಬಿಡುವಾಗ ಸ್ವಿಚ್ ಆರಿಸಿ ಎಂದು ನೌಕರರಿಗೆ ಹೇಳುವ ಸುತ್ತೋಲೆಯೊಂದರಿಂದಲೇ ರಾತ್ರಿಯಿಡೀ ಚಾಲೂ ಇರುವ ಕಂಪ್ಯೂಟರ್‌ಗಳ ಕರೆಂಟು ಉಳಿಯುವುದಿಲ್ಲ ಎಂದು ಹೇಳುವುದಕ್ಕೆ.

ಒಂದು ಸಂಜೆ ಮನೆಗೆ ಹೋದ ಮೇಲೆ ಬೈಕಿನ ಪೇಪರ್ಸ್ ಡ್ರಾಯರ್‌ನಲ್ಲೇ ಉಳಿದದ್ದು ನೆನಪಾಗಿ ಎಂಟೂವರೆಗೆ ವಾಪಸ್ ಬಂದೆ. ಕಾವಲುಗಾರರು ಬೀಗ ತೆಗೆದರು. ಟ್ಯೂಬ್‌ಲೈಟು, ಫ್ಯಾನು ಎಲ್ಲ ಆರಿಸಿದ್ದರು. ಆದರೆ ಹಾಲ್ ಕತ್ತಲಾಗಿರಲಿಲ್ಲ. ಇಪ್ಪತ್ತೆರಡು ಕಂಪ್ಯೂಟರ್‌ಗಳಲ್ಲಿ ಹದಿನಾಲ್ಕು ಚಾಲೂ ಇದ್ದವು, ಅದರಲ್ಲಿ ಒಂಬತ್ತರ ಪರದೆಯೂ ಬೆಳಗುತ್ತಿತ್ತು. ಒಂದು ಪರದೆಯ ಮೇಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಆದೇಶ ಅರ್ಧಕ್ಕೆ ನಿಂತಿತ್ತು, ಸೇವ್ ಆಗಿರಲಿಲ್ಲ. ಮಾನಿಟರ್‌ನ ಹಿಂಭಾಗ ಮುಟ್ಟಿದರೆ ಬೆಚ್ಚಗಿತ್ತು. ಒಂದೊಂದಾಗಿ ಸೇವ್ ಮಾಡಿ, ಶಟ್‌ಡೌನ್ ಮಾಡಿ ಹೊರಬರುವಾಗ ಒಂಬತ್ತು ಗಂಟೆ ಮೀರಿತ್ತು.

ಮರುದಿನ ಸ್ವಂತ ದುಡ್ಡಿನಲ್ಲಿ ಒಂದು ಪ್ಲಗ್ ವ್ಯಾಟ್ ಮೀಟರ್ ತಂದು ಅಳೆದೆ. ನಮ್ಮ ಡೆಸ್ಕ್‌ಟಾಪ್ ಮತ್ತು ಮಾನಿಟರ್ ಎರಡೂ ಸೇರಿ, ಯಾರೂ ಮುಟ್ಟದೆ ಸುಮ್ಮನೆ ಕೂತಾಗ 55 ವ್ಯಾಟ್ ಆಸುಪಾಸು ಎಳೆಯುತ್ತವೆ. ಸ್ಲೀಪ್‌ನಲ್ಲಿದ್ದರೆ, ಅಂದರೆ ಕೆಲಸವನ್ನು ಮೆಮೊರಿಯಲ್ಲಿಟ್ಟು ಯಂತ್ರ ಮಲಗಿದ್ದರೆ, ಎರಡು ಮೂರು ವ್ಯಾಟ್. ಕಚೇರಿ ನಡೆಯುವುದು ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ. ರಾತ್ರಿಗಳು, ಭಾನುವಾರಗಳು, ಎರಡನೇ ಮತ್ತು ನಾಲ್ಕನೇ ಶನಿವಾರಗಳು, ಹಬ್ಬಗಳು ಸೇರಿದರೆ ವರ್ಷದಲ್ಲಿ ಸುಮಾರು 6,700 ಗಂಟೆ ಕಚೇರಿ ಖಾಲಿ. ಅಷ್ಟೂ ಹೊತ್ತು ಚಾಲೂ ಇದ್ದರೆ ಒಂದು ಕಂಪ್ಯೂಟರಿಗೆ ಸುಮಾರು 370 ಯೂನಿಟ್, ಇಪ್ಪತ್ತೆರಡಕ್ಕೆ 8,000 ಯೂನಿಟ್‌ಗೂ ಹೆಚ್ಚು. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಗರಿಷ್ಠ ಮಿತಿ 200 ಯೂನಿಟ್. ಆ ಲೆಕ್ಕದಲ್ಲಿ ಒಂದು ಮನೆ ಮೂರು ವರ್ಷಕ್ಕೂ ಮೇಲೆ ಬಳಸಬಹುದಾದ ಕರೆಂಟು ಇದು. ಎಲ್ಲ ಯಂತ್ರಗಳೂ ಎಲ್ಲ ರಾತ್ರಿಯೂ ಉರಿಯುವುದಿಲ್ಲ, ನಿಜ. ಅರ್ಧ ಉರಿದರೂ ಸಣ್ಣ ಮೊತ್ತವಲ್ಲ. 2023ರ ಬರಗಾಲದಲ್ಲಿ ರೈತರ ಪಂಪ್‌ಸೆಟ್ಟುಗಳಿಗೆ ಕರೆಂಟು ಸಾಲದೆ ಜನ ಸಬ್‌ಸ್ಟೇಷನ್ ಮುಂದೆ ಕೂತ ದಿನಗಳನ್ನು ನೋಡಿದವನು ನಾನು. ಹಾಗಾಗಿ ಈ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ.

ಇದಕ್ಕೆ ನೌಕರರ ಉದಾಸೀನ ಕಾರಣ ಎಂದು ಬರೆದರೆ ಸುಲಭವಾಗುತ್ತಿತ್ತು, ಆದರೆ ಸುಳ್ಳಾಗುತ್ತಿತ್ತು. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಪಹಣಿ ಕೌಂಟರ್‌ನ ಒಂದು ಹಳೆಯ ಕಥೆ.

ಆ ಕೌಂಟರ್‌ನ ಕಂಪ್ಯೂಟರ್ ಮೊದಲು ಹದಿನೈದು ನಿಮಿಷಕ್ಕೆ ಸ್ಲೀಪ್‌ಗೆ ಹೋಗುತ್ತಿತ್ತು. ಒಂದು ದಿನ ಸಿಬ್ಬಂದಿ ಸಾಹೇಬರ ಹತ್ತಿರ ಕಡತ ಒಯ್ದು ಬರುವಷ್ಟರಲ್ಲಿ ಯಂತ್ರ ಮಲಗಿತ್ತು. ಎಬ್ಬಿಸಿದರೆ ಹೆಬ್ಬೆರಳ ಗುರುತು ಓದುವ ಬೆರಳಚ್ಚಿನ ಸಾಧನ ಎದ್ದಿರಲಿಲ್ಲ. ಥಂಬ್ ತೆಗೆದುಕೊಳ್ಳುತ್ತಿಲ್ಲ. ಕೇಬಲ್ ಕಿತ್ತು ಹಾಕಿದರು, ರೀಸ್ಟಾರ್ಟ್ ಮಾಡಿದರು, ಲಾಗಿನ್ ಆಗಲು ಇನ್ನೊಂದಿಷ್ಟು ಹೊತ್ತು. ಕಿಟಕಿಯ ಆಚೆ ಬೆಳೆ ಸಾಲಕ್ಕೆ ಪಹಣಿ ಬೇಕೆಂದು ಬಂದಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟಿನಿಂದ ಚಿಲ್ಲರೆ ಬಿಚ್ಚಿ ಕೈಯಲ್ಲಿ ಹಿಡಿದೇ ನಿಂತಿದ್ದರಂತೆ. “ಮಗಾ, ನಾಲ್ಕರ ಬಸ್ಸು ಹೋದ್ರೆ ನಾಳೆ ಮತ್ತೆ ಕೂಲಿ ಬಿಟ್ಟು ಬರ್ಬೇಕಲ್ಲಪ್ಪ” ಅಂದರಂತೆ. ಬಸ್ಸು ಹೋಯಿತು. ಆ ಮಾತು ಕೇಳಿದ ಸಿಬ್ಬಂದಿ ಅವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ ಸ್ಲೀಪ್ ಎಂಬಲ್ಲಿ ‘ನೆವರ್’ (ಎಂದಿಗೂ ಬೇಡ) ಎಂದು ಇಟ್ಟರು. ಪಕ್ಕದವರೂ ಇಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ತಪ್ಪು ಇದ್ದದ್ದು ಸ್ಲೀಪ್‌ನಲ್ಲಿ ಅಲ್ಲ. ವಿಂಡೋಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬ ಆಯ್ಕೆ ಇದೆ. ಬಳಕೆಯಲ್ಲಿಲ್ಲದ ಯುಎಸ್‌ಬಿ ಸಾಧನಕ್ಕೆ ಅದು ವಿದ್ಯುತ್ ತಗ್ಗಿಸುತ್ತದೆ. ಕೆಲವು ಬೆರಳಚ್ಚು ಸಾಧನಗಳು ಅದರಿಂದ ಚೇತರಿಸಿಕೊಂಡು ಏಳುವುದಿಲ್ಲ. ಆ ಒಂದು ಆಯ್ಕೆ ತೆಗೆದ ಮೇಲೆ ನಮ್ಮ ಕೌಂಟರ್‌ನಲ್ಲಿ ಥಂಬ್ ತಕರಾರು ಮರುಕಳಿಸಿಲ್ಲ. ಆದರೆ ಕೌಂಟರ್‌ನಲ್ಲಿ ಕೂತವರಿಗೆ ಇದು ಗೊತ್ತಿರಬೇಕು ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಗೊತ್ತಿರಬೇಕಾದದ್ದು ಅಡ್ಮಿನಿಸ್ಟ್ರೇಟರ್‌ಗೆ, ಅಂದರೆ ಯಂತ್ರಗಳ ಸೆಟ್ಟಿಂಗ್ ನೋಡಿಕೊಳ್ಳುವ ಹಕ್ಕುಳ್ಳವರಿಗೆ. ನಮ್ಮಲ್ಲಿ ಆ ಹೆಸರಿನ ಖಾತೆ ಇದೆ, ಆ ಜವಾಬ್ದಾರಿ ಹೊತ್ತ ಮನುಷ್ಯ ಇಲ್ಲ.

ಇಲ್ಲಿ ಒಂದು ತಾಂತ್ರಿಕ ಸಂಗತಿ ತಮ್ಮ ಗಮನಕ್ಕೆ ತರಬೇಕು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪವರ್ ಸೆಟ್ಟಿಂಗ್ ಒಬ್ಬೊಬ್ಬ ಬಳಕೆದಾರರಿಗೆ ಬೇರೆಬೇರೆ ಇರುತ್ತಿತ್ತು. ಎಲ್ಲರಿಗೂ ಒಂದೇ ನಿಯಮ ತರುವುದು ಆಗ ನಿಜಕ್ಕೂ ಕಷ್ಟವಿತ್ತು. 2007ರಲ್ಲಿ ವಿಂಡೋಸ್ ವಿಸ್ತಾ ಬಂದಾಗಿನಿಂದ ಪವರ್ ಪ್ಲಾನ್, ಅಂದರೆ ಯಾವಾಗ ಪರದೆ ಆರಬೇಕು, ಯಾವಾಗ ಯಂತ್ರ ಮಲಗಬೇಕು ಎಂಬ ಸೆಟ್ಟಿಂಗ್‌ಗಳ ಗುಂಪು, ಇಡೀ ಯಂತ್ರಕ್ಕೆ ಸೇರಿದ್ದು. ಸಾಮಾನ್ಯ ಬಳಕೆದಾರರೂ ಅದನ್ನು ಬದಲಾಯಿಸಬಹುದು, ಬದಲಾಯಿಸಿದರೆ ಅದೇ ಯಂತ್ರಕ್ಕೆ ಲಾಗಿನ್ ಆಗುವ ಎಲ್ಲರಿಗೂ ಅನ್ವಯ. ಅಂದರೆ ಐದು ವರ್ಷದ ಹಿಂದೆ ವರ್ಗವಾಗಿ ಹೋದವರು ಒತ್ತಿದ ‘ನೆವರ್’ ಇವತ್ತಿಗೂ ಜಾರಿಯಲ್ಲಿರುತ್ತದೆ. ಅದೇ ವಿಸ್ತಾದಿಂದಲೇ, ಯಂತ್ರಗಳಿಗೆ ನಿಯಮ ಹೇರುವ ಗ್ರೂಪ್ ಪಾಲಿಸಿ ಎಂಬ ಸೌಲಭ್ಯದೊಳಗೆ ಪವರ್ ಮ್ಯಾನೇಜ್‌ಮೆಂಟ್ ಎಂಬ ಭಾಗವೂ ಬಂದಿದೆ. ಅಡ್ಮಿನ್ ಒಮ್ಮೆ ಅಲ್ಲಿ ನಿಗದಿ ಮಾಡಿದರೆ ಬೇರೆ ಯಾರೂ ಬದಲಾಯಿಸಲಾಗದು. ಕಂಪ್ಯೂಟರ್‌ಗಳು ಡೊಮೇನ್‌ನಲ್ಲಿದ್ದರೆ, ಅಂದರೆ ಒಂದೇ ಕೇಂದ್ರ ಸರ್ವರ್‌ನ ಹಿಡಿತದಲ್ಲಿದ್ದರೆ, ಜಿಲ್ಲಾ ಕೇಂದ್ರದಲ್ಲಿ ಕೂತು ಎಲ್ಲ ತಾಲ್ಲೂಕುಗಳಿಗೂ ಕಳಿಸಬಹುದು. ಡೊಮೇನ್ ಇಲ್ಲದ ಕಡೆ ಪವರ್‌ಸಿಎಫ್‌ಜಿ ಎಂಬ ಕಮಾಂಡ್‌ನಿಂದ ಒಂದು ಪ್ಲಾನ್ ಸಿದ್ಧಪಡಿಸಿ, ಫೈಲ್ ಆಗಿ ತೆಗೆದು, ಪೆನ್‌ಡ್ರೈವ್‌ನಲ್ಲಿ ಒಯ್ದು ಪ್ರತಿ ಯಂತ್ರಕ್ಕೂ ಹಾಕಬಹುದು. ಇದಕ್ಕೆ ಹೊಸ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ.

ಹಾಗಾದರೆ ಎಲ್ಲ ಯಂತ್ರಕ್ಕೂ ‘ಇಪ್ಪತ್ತು ನಿಮಿಷಕ್ಕೆ ಸ್ಲೀಪ್’ ಎಂದು ಆದೇಶ ಹೊರಡಿಸಿದರೆ ಸಾಕೇ? ದಯವಿಟ್ಟು ಹಾಗೆ ಮಾಡಬೇಡಿ. ಮಾಡಿದರೆ ಆ ಅಜ್ಜಿಯ ಬಸ್ಸು ಮತ್ತೆ ತಪ್ಪುತ್ತದೆ.

ನಮ್ಮ ಹಳ್ಳಿ, ತಾಲ್ಲೂಕುಗಳಿಗೆ ಇನ್ನೊಂದು ತೊಡಕೂ ಇದೆ. ಸ್ಲೀಪ್‌ನಲ್ಲಿ ಕೆಲಸವೆಲ್ಲ ಮೆಮೊರಿಯಲ್ಲೇ ಇರುತ್ತದೆ, ಮೆಮೊರಿಗೆ ಕರೆಂಟು ಬೇಕು. ರಾತ್ರಿ ಕರೆಂಟು ಹೋಗಿ ಯುಪಿಎಸ್ ಬ್ಯಾಟರಿಯೂ ಖಾಲಿಯಾದರೆ ಸೇವ್ ಆಗದ ಕಡತ ಹೋಯಿತೆಂದೇ ಲೆಕ್ಕ. ಹೈಬರ್ನೇಟ್‌ನಲ್ಲಿ ಹಾಗಲ್ಲ. ಮೆಮೊರಿಯಲ್ಲಿದ್ದದ್ದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಪೂರ್ತಿ ಆರುತ್ತದೆ. ಎರಡು ದಿನ ಕರೆಂಟಿಲ್ಲದಿದ್ದರೂ, ಮತ್ತೆ ಆನ್ ಮಾಡಿದಾಗ ಟೈಪ್ ಮಾಡುತ್ತಿದ್ದ ಸಾಲಿನಲ್ಲೇ ಕರ್ಸರ್ ಮಿನುಗುತ್ತಿರುತ್ತದೆ. ಯುಪಿಎಸ್ ಬ್ಯಾಟರಿ ಐದು ನಿಮಿಷವೂ ನಿಲ್ಲದ ಕಚೇರಿಗಳಲ್ಲಿ ರಾತ್ರಿಗೆ ಹೈಬರ್ನೇಟೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

‘ಹೋಗುವಾಗ ಮೇನ್ ಸ್ವಿಚ್ ಆರಿಸಿ’ ಎಂಬ ಹಳೆಯ ಪದ್ಧತಿಯ ಬಗ್ಗೆಯೂ ಹೇಳಲೇಬೇಕು. ಒಂದು ಶನಿವಾರ ನಮ್ಮ ಡಿ ದರ್ಜೆ ನೌಕರರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಬಾಗಿಲ ಬಳಿಯ ಎಂಸಿಬಿ (ಮೇನ್ ಸ್ವಿಚ್) ಇಳಿಸಿ ಹೋದರು. ಯುಪಿಎಸ್‌ಗಳು ಸ್ವಲ್ಪ ಹೊತ್ತು ಕೂಗಿ ಸುಮ್ಮನಾದವು. ಒಂದು ಯಂತ್ರದಲ್ಲಿ ಅಪ್‌ಡೇಟ್ ನಡೆಯುತ್ತಿತ್ತು. ಸೋಮವಾರ ಅದು ಬೂಟ್ ಆಗಲಿಲ್ಲ, ಇನ್ನೊಂದರ ಹಾರ್ಡ್ ಡಿಸ್ಕ್ ದೋಷ ತೋರಿಸಿತು. ಬೈಗುಳ ಅವರ ತಲೆಗೆ ಬಂತು. ಸುತ್ತೋಲೆಯಂತೆ ನಡೆದವರಿಗೆ ಬೈಗುಳ, ನಡೆಯದವರಿಗೆ ಕರೆಂಟು ಪೋಲಿನ ಆಪಾದನೆ. ಈ ಹೊರೆಯನ್ನು ನೌಕರರ ಹೆಗಲಿನಿಂದ ಇಳಿಸಿ ಯಂತ್ರಕ್ಕೆ ವಹಿಸಬೇಕು ಎಂಬುದೇ ನನ್ನ ಮನವಿಯ ತಿರುಳು.

ನಮ್ಮ ಕಚೇರಿ ಮುಖ್ಯಸ್ಥರು ಬಾಯಿಮಾತಿನಲ್ಲಿ ಒಪ್ಪಿದ ಮೇಲೆ ನಾನು ಮಾಡಿದ್ದು ಇಷ್ಟು. ಎರಡು ಪ್ಲಾನ್ ಸಿದ್ಧಪಡಿಸಿದೆ. ಹಗಲಿನದರಲ್ಲಿ ಹತ್ತು ನಿಮಿಷಕ್ಕೆ ಪರದೆ ಮಾತ್ರ ಆರುತ್ತದೆ. ಯಂತ್ರ ಮಲಗುವುದಿಲ್ಲ, ಯುಎಸ್‌ಬಿ ಸಸ್ಪೆಂಡ್ ಇಲ್ಲ. ರಾತ್ರಿಯದರಲ್ಲಿ ಮೂವತ್ತು ನಿಮಿಷ ಯಾರೂ ಮುಟ್ಟದಿದ್ದರೆ ಹೈಬರ್ನೇಟ್. ನಿಗದಿತ ಹೊತ್ತಿಗೆ ಕೆಲಸ ತಾನೇ ನಡೆಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಬೆಳಿಗ್ಗೆ 9.30ಕ್ಕೆ ಒಂದನ್ನು, ಸಂಜೆ 6.15ಕ್ಕೆ ಇನ್ನೊಂದನ್ನು ಜಾರಿ ಮಾಡುತ್ತದೆ. ಚುನಾವಣೆ ಕೆಲಸಕ್ಕೋ ಆಡಿಟ್‌ಗೋ ರಾತ್ರಿ ಹತ್ತರವರೆಗೆ ಕೂತವರಿಗೆ ತೊಂದರೆಯಿಲ್ಲ, ಕೀಲಿಮಣೆ ಮುಟ್ಟುತ್ತಿರುವಷ್ಟು ಹೊತ್ತು ಯಂತ್ರ ಎಚ್ಚರವಾಗಿಯೇ ಇರುತ್ತದೆ. ಮೊದಲ ವಾರ ಒಂದು ಎಡವಟ್ಟಾಯಿತು. 9.30ಕ್ಕೆ ಯಂತ್ರ ಆರಿದ್ದರೆ ಹಗಲಿನ ಪ್ಲಾನ್ ಬರುತ್ತಲೇ ಇರಲಿಲ್ಲ, ಊಟ ಮುಗಿಸಿ ಬರುವಷ್ಟರಲ್ಲಿ ನಾಲ್ಕು ಯಂತ್ರಗಳು ಮಲಗಿದ್ದವು. ಸಮಯ ತಪ್ಪಿದ ಕೆಲಸವನ್ನು ಆನ್ ಆದ ಕೂಡಲೇ ನಡೆಸು ಎಂಬ ಆಯ್ಕೆಗೆ ಟಿಕ್ ಹಾಕಿದ ಮೇಲೆ ಸರಿಹೋಯಿತು. ಇನ್ನೊಂದು ಯಂತ್ರ ಏನು ಮಾಡಿದರೂ ಮಲಗುತ್ತಿರಲಿಲ್ಲ. ಯಾವುದು ಅದನ್ನು ಎಚ್ಚರವಾಗಿಟ್ಟಿದೆ ಎಂದು ಪವರ್‌ಸಿಎಫ್‌ಜಿ ರಿಕ್ವೆಸ್ಟ್ಸ್ ಕೊಟ್ಟು ನೋಡಿದರೆ, ಅದರ ಶೇರ್ಡ್ ಫೋಲ್ಡರ್‌ನ ಫೈಲೊಂದನ್ನು ಪಕ್ಕದ ಕೋಣೆಯಿಂದ ಯಾರೋ ತೆರೆದೇ ಬಿಟ್ಟಿದ್ದರು. ಇಂಥ ಸಣ್ಣ ಸಂಗತಿಗಳು ಸ್ಥಳದಲ್ಲಿದ್ದು ನೋಡಿದರೆ ಮಾತ್ರ ಕಾಣುತ್ತವೆ.

ಮೂರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ನಿರ್ವಹಣಾ ಗುತ್ತಿಗೆಯವರು ಬಂದು ಆರು ಯಂತ್ರಗಳಿಗೆ ವಿಂಡೋಸ್ ಮತ್ತೆ ಹಾಕಿದರು, ಎಲ್ಲ ಮೊದಲಿನಂತಾಯಿತು. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ ಹೋದರು, ಕೇಳಿದರೆ “ಲಿಖಿತ ಆದೇಶ ಇದೆಯಾ?” ಎಂದರು. ಇರಲಿಲ್ಲ. ಒಪ್ಪಿಗೆ ಕೊಟ್ಟ ಮುಖ್ಯಸ್ಥರಿಗೂ ಅಷ್ಟರಲ್ಲಿ ವರ್ಗವಾಗಿತ್ತು. ಇದು ನನ್ನೊಬ್ಬನ ಪಾಡಲ್ಲ. ಕೈಯಲ್ಲಿ ವಿದ್ಯೆ ಇದ್ದು ಅಧಿಕಾರವಿಲ್ಲದ ನನ್ನಂಥವರು ಪಕ್ಕದ ತಾಲ್ಲೂಕುಗಳಲ್ಲೂ ಇದ್ದಾರೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ಪ್ರತಿ ಕಚೇರಿಯ ಕಂಪ್ಯೂಟರ್‌ಗಳಿಗೆ ಇಂಥವರೇ ಅಡ್ಮಿನಿಸ್ಟ್ರೇಟರ್ ಎಂದು ಹೆಸರಿಸಿ ಲಿಖಿತ ಆದೇಶ ಕೊಡಿಸಿ. ಪಾಸ್‌ವರ್ಡ್ ಗುತ್ತಿಗೆದಾರರ ಜೇಬಿನಲ್ಲಿರದೆ ಕಚೇರಿಯ ಕಪಾಟಿನಲ್ಲಿ, ಮುಚ್ಚಿದ ಲಕೋಟೆಯಲ್ಲಿ ಇರಲಿ. ಡ್ರೈವರ್ ಹಾಕಲು ಅನುಕೂಲವೆಂದು ಎಲ್ಲರಿಗೂ ಅಡ್ಮಿನ್ ಹಕ್ಕು ಕೊಡುವ ರೂಢಿ ನಿಲ್ಲಲಿ. ಅದು ಕರೆಂಟಿಗಿಂತ ಮೊದಲು ಜನರ ದಾಖಲೆಗಳ ಸುರಕ್ಷತೆಯ ಪ್ರಶ್ನೆ. ಕೌಂಟರ್ ಯಂತ್ರಗಳಿಗೆ ಒಂದು, ಮೇಜಿನ ಯಂತ್ರಗಳಿಗೆ ಒಂದು, ಹೀಗೆ ಎರಡು ಬಗೆಯ ಪ್ಲಾನ್‌ಗಳನ್ನು ಇಲಾಖೆಯೇ ಪರೀಕ್ಷಿಸಿ ಕೊಟ್ಟರೆ ಒಳ್ಳೆಯದು. ಪರೀಕ್ಷೆ ಬೆಂಗಳೂರಿನ ಹವಾನಿಯಂತ್ರಿತ ಕೋಣೆಯಲ್ಲಿ ಅಲ್ಲ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಕಚೇರಿಯಲ್ಲಿ ಆಗಲಿ.

ಇದಕ್ಕೆ ಇದೇ ತಕ್ಕ ಸಮಯ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಓಡದ ಹಳೆಯ ಯಂತ್ರಗಳನ್ನು ಬದಲಿಸಬೇಕಾಗುತ್ತದೆ. ಹೊಸದಕ್ಕೆ ಟೆಂಡರ್ ಕರೆಯುವಾಗ ಈ ಸೆಟ್ಟಿಂಗ್‌ಗಳನ್ನು ಮೊದಲೇ ಹಾಕಿ ಕೊಡಬೇಕು, ರಿಪೇರಿಯ ನಂತರವೂ ಮರಳಿ ಹಾಕಬೇಕು ಎಂಬ ಎರಡು ಸಾಲು ಸೇರಿಸಿ. ವಿಂಡೋಸ್‌ನ ಹೋಮ್ ಆವೃತ್ತಿ ಬೇಡ, ಅದನ್ನು ಡೊಮೇನ್‌ಗೆ ಸೇರಿಸಲು ಬರುವುದಿಲ್ಲ, ಗ್ರೂಪ್ ಪಾಲಿಸಿ ಎಡಿಟರ್ ಕೂಡ ಅದರಲ್ಲಿಲ್ಲ. ವಿಂಡೋಸ್ ಬದಲು ಉಬುಂಟು ಇರುವ ಲ್ಯಾಬ್‌ಗಳಲ್ಲೂ ಅದರ ಸೆಟ್ಟಿಂಗ್‌ಗಳನ್ನಿಡುವ ಡಿಕಾನ್ಫ್ ಮೂಲಕ ಇದೇ ರೀತಿ ನಿಗದಿ ಮಾಡಿ ಬೀಗ ಹಾಕಬಹುದು.

ನಾನು ಅಳೆದ ವ್ಯಾಟ್ ಲೆಕ್ಕದ ಹಾಳೆ, ಎರಡು ಪ್ಲಾನ್‌ಗಳ ಫೈಲು, ಟಾಸ್ಕ್ ಶೆಡ್ಯೂಲರ್‌ನ ಟಿಪ್ಪಣಿ ನನ್ನ ಬಳಿ ಇವೆ. ತಮ್ಮ ಕಚೇರಿಯಿಂದ ಯಾರೇ ಕೇಳಿದರೂ ಅಂದೇ ಕಳಿಸಿಕೊಡುತ್ತೇನೆ. ಆ ಆರು ಯಂತ್ರಗಳು ಈ ರಾತ್ರಿಯೂ ಚಾಲೂ ಇವೆ.

ಇತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕಚೇರಿಯೊಂದರ ತಾಂತ್ರಿಕ ಸಹಾಯಕ